ರೇಷ್ಮೆ ಎಳೆಯ ಜಾಡಿನಲ್ಲಿ ಕಾರು, ಕಂಪ್ಯೂಟರ್

ತಟ್ಟೆ ಇಡ್ಲಿಗೆ ಹೆಸರಾದ ಬಿಡದಿ, ಕಾರಿಗೂ ಹೆಸರಾಗಿ ಕಾಲು ಶತಮಾನ ಕಳೆದಿದೆ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಮೂವತ್ತು ಕಿಲೊಮೀಟರ್ ಆಸುಪಾಸಿನಲ್ಲಿರುವ ಈ ಊರಿನ ಕೈಗಾರಿಕಾ ಪ್ರದೇಶದಲ್ಲಿ ಕಾರು, ಕಾರಿನ ಬಿಡಿಭಾಗ, ತಂಪು ಪಾನೀಯ ಎಲ್ಲವೂ ತಯಾರಾಗುತ್ತವೆ. ಪಾಳಿ ಬದಲಾಗುವ ಹೊತ್ತಿಗೆ ಸಮವಸ್ತ್ರ ತೊಟ್ಟ ಯುವಕರನ್ನು ತುಂಬಿಕೊಂಡ ಬಸ್ಸುಗಳು ಕಾರ್ಖಾನೆಯ ಗೇಟುಗಳಿಂದ ಹೊರಬೀಳುತ್ತವೆ. ವಾರದ ಕೊನೆಯಲ್ಲಿ ಮೈಸೂರಿನ ಕಡೆ ಹೊರಟ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳ ಕಾರುಗಳು ಇದೇ ಊರಿನ ಪಕ್ಕದಲ್ಲಿ ಹಾದುಹೋಗುತ್ತವೆ.

ಈ ಎರಡು ಬಗೆಯ ದುಡಿಮೆಯ ಬಗ್ಗೆ ಜನಸಾಮಾನ್ಯರಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ನೆಲೆಯೂರಿದೆ. ಕಾರ್ಖಾನೆಯದು ಕೈಯ ಕೆಲಸ, ಸಾಫ್ಟ್‌ವೇರಿನದು ತಲೆಯ ಕೆಲಸ. ಒಂದು ಮೈಮುರಿದು ಮಾಡುವುದು, ಇನ್ನೊಂದು ಕುರ್ಚಿಯಲ್ಲಿ ಕುಳಿತು ಮಾಡುವುದು. ಓದು ಹತ್ತದವರಿಗೆ ಒಂದು, ಬುದ್ಧಿವಂತರಿಗೆ ಇನ್ನೊಂದು. ಇದರ ಬೆನ್ನಿಗೇ ಇನ್ನೊಂದು ಮಾತೂ ಇದೆ: ಯಂತ್ರ ಬಂದಲ್ಲಿ ಮನುಷ್ಯನ ಅನ್ನ ಹೋಗುತ್ತದೆ. ಹಿಂದೆ ಕಂಪ್ಯೂಟರನ್ನು ಕುರಿತು ಆಡುತ್ತಿದ್ದ ಈ ಮಾತನ್ನು ಈಗ ಕಂಪ್ಯೂಟರ್ ಕೆಲಸದಲ್ಲಿರುವವರೇ ಕೃತಕ ಬುದ್ಧಿಮತ್ತೆಯನ್ನು ಕುರಿತು ಆಡುತ್ತಿದ್ದಾರೆ.

ಈ ಅಭಿಪ್ರಾಯಗಳು ಎಷ್ಟರಮಟ್ಟಿಗೆ ನಿಜ? ಇದನ್ನು ಪರೀಕ್ಷಿಸಲು ಬಿಡದಿಗಿಂತ ಒಳ್ಳೆಯ ಜಾಗ ಸಿಗಲಾರದು. ಏಕೆಂದರೆ ಇಲ್ಲಿಂದ ಸುಮಾರು ಹದಿನೈದು ಕಿಲೊಮೀಟರ್ ಮುಂದೆ ರೇಷ್ಮೆ ಗೂಡಿನ ಮಾರುಕಟ್ಟೆಗೆ ಪ್ರಸಿದ್ಧವಾದ ರಾಮನಗರವಿದೆ. ಹಿಂದೆ ಸಾಫ್ಟ್‌ವೇರಿಗೆ ಪ್ರಸಿದ್ಧವಾದ ಬೆಂಗಳೂರಿದೆ. ರೇಷ್ಮೆ, ಕಾರು ಮತ್ತು ಕಂಪ್ಯೂಟರ್ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಲೋಕಗಳಂತೆ ಕಾಣುತ್ತವೆ. ಆದರೆ ಇತಿಹಾಸದಲ್ಲಿ ಈ ಮೂರನ್ನೂ ಬೆಸೆದಿರುವುದು ನೂಲಿನ ಎಳೆ.

ಜಪಾನಿನ ಮೊದಲ ನಂಟು

ಬಿಡದಿಗೆ ಜಪಾನೀಯರು ಬಂದದ್ದು 1990ರ ದಶಕದಲ್ಲಾದರೂ ಈ ಸೀಮೆಗೂ ಜಪಾನಿಗೂ ನಂಟು ಬೆಳೆದದ್ದು ಅದಕ್ಕೂ ಒಂದು ಶತಮಾನ ಹಿಂದೆ. ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿ ಬೇರೂರಿದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ. ಮುಂದೆ ರೋಗ ಹಾಗೂ ತಳಿಯ ದೌರ್ಬಲ್ಯದಿಂದ ಅದು ಸೊರಗಿತು. ಅದನ್ನು ವೈಜ್ಞಾನಿಕ ತಳಹದಿಯ ಮೇಲೆ ಮೇಲೆತ್ತಬೇಕೆಂದು ಯೋಚಿಸಿದವರಲ್ಲಿ ಉದ್ಯಮಿ ಜಮ್‌ಶೆಟ್‌ಜಿ ಟಾಟಾ ಒಬ್ಬರು. 1893ರಲ್ಲಿ ಜಪಾನಿಗೆ ಹೋಗಿಬಂದ ಅವರು, ಆ ದಶಕ ಮುಗಿಯುವುದರೊಳಗೆ ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ ಮೈಸೂರು ಸರ್ಕಾರದ ನೆರವಿನೊಂದಿಗೆ ರೇಷ್ಮೆ ಫಾರಂ ಒಂದನ್ನು ತೆರೆದು, ಅದಕ್ಕೆ ಜಪಾನಿನ ತಜ್ಞರನ್ನು ಕರೆಸಿದರು. ಬಸವನಗುಡಿ–ಜಯನಗರದ ನಡುವೆ ಇಂದಿಗೂ ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಉಳಿದಿರುವುದು ಆ ಪ್ರಯೋಗದ ಕುರುಹು.

ಆಗ ಜಪಾನ್ ಶ್ರೀಮಂತ ದೇಶವಾಗಿರಲಿಲ್ಲ. ಆದರೆ ರೇಷ್ಮೆಯಲ್ಲಿ ಭರದಿಂದ ಮೇಲೇರುತ್ತಿತ್ತು. 1872ರಲ್ಲಿ ಜಪಾನ್ ಸರ್ಕಾರ ತೊಮಿಯೊಕಾ ಎಂಬಲ್ಲಿ ಫ್ರೆಂಚ್ ತಂತ್ರಜ್ಞರ ಸಹಾಯದಿಂದ ದೊಡ್ಡ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯನ್ನು ಕಟ್ಟಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಕಚ್ಚಾ ರೇಷ್ಮೆ ರಫ್ತಿನಲ್ಲಿ ಚೀನವನ್ನು ಹಿಂದಿಕ್ಕಿತು. ರೇಷ್ಮೆ ಮಾರಿ ಬಂದ ವಿದೇಶಿ ಹಣ, ಯಂತ್ರಗಳನ್ನು ಕೊಳ್ಳಲು ಆ ದೇಶಕ್ಕೆ ನೆರವಾಯಿತು. ಜಪಾನಿನ ಕೈಗಾರಿಕಾ ಕ್ರಾಂತಿಯನ್ನು ರೇಷ್ಮೆ ಹುಳುವೇ ಹೊತ್ತು ತಂದಿತೆಂದರೆ ಹೆಚ್ಚಿನ ಉತ್ಪ್ರೇಕ್ಷೆಯಾಗದು.

ಮೈಸೂರು ಸಂಸ್ಥಾನವೂ ಸುಮ್ಮನೆ ಕೂರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಕರೆಸಿ ಸಲಹೆ ಪಡೆಯಲಾಯಿತು. 1914ರಲ್ಲಿ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಸ್ಥಾಪನೆಯಾಯಿತು. ಸ್ಥಳೀಯ ಮೈಸೂರು ತಳಿಯನ್ನು ವಿದೇಶಿ ತಳಿಗಳೊಡನೆ ಕೂಡಿಸಿ ಮಿಶ್ರತಳಿ ಪಡೆಯುವ ಕೆಲಸಕ್ಕೆ ಇದರಿಂದ ಇಂಬು ದೊರೆಯಿತು. ಹುಳುವಿನ ತಳಿ, ಮೊಟ್ಟೆಯ ಪರೀಕ್ಷೆ, ಸೂಕ್ಷ್ಮದರ್ಶಕ ಇವೆಲ್ಲ ಈ ಭಾಗದ ರೈತರಿಗೆ ಪರಿಚಯವಾದದ್ದು ಶಾಲೆಯ ಪಾಠದಿಂದಲ್ಲ, ಹಿಪ್ಪುನೇರಳೆ ತೋಟದಿಂದ. ವಿಜ್ಞಾನವೆಂದರೆ ಪಟ್ಟಣದ ಓದಿದವರ ಸೊತ್ತು ಎಂಬ ಮಾತು ಇಲ್ಲಿ ಅಂದೇ ಸುಳ್ಳಾಗಿತ್ತು.

ಬೆರಳಿನ ಲೆಕ್ಕ

ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದು ಕೈ ಕೆಲಸವೇ. ಆದರೆ ಅದರಲ್ಲಿ ಎಷ್ಟು ತಲೆ ಇದೆ ಎಂಬುದನ್ನು ಗಮನಿಸಬೇಕು. ಒಂದು ಗೂಡಿನಲ್ಲಿ ಇರುವುದು ಒಂದೇ ಎಳೆ. ಒಳ್ಳೆಯ ದ್ವಿತಳಿ ಗೂಡಾದರೆ ಅದರ ಉದ್ದ ಸಾವಿರ ಮೀಟರಿನಷ್ಟಾಗುತ್ತದೆ. ಸ್ಥಳೀಯ ಮಿಶ್ರತಳಿಯದ್ದು ಇನ್ನೂ ಕಡಿಮೆ. ಒಂದೇ ಎಳೆ ನೇಯುವುದಕ್ಕೆ ಬಾರದಷ್ಟು ಸಣ್ಣದು. ಆದ್ದರಿಂದ ಏಳೆಂಟು ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ, ಎಲ್ಲದರ ಎಳೆಗಳನ್ನು ಒಟ್ಟುಗೂಡಿಸಿ ಒಂದು ನೂಲು ಮಾಡುತ್ತಾರೆ.

ಕಷ್ಟವಿರುವುದು ಇಲ್ಲಿ. ಗೂಡಿನ ಎಳೆ ಹೊರಪದರದಲ್ಲಿ ದಪ್ಪ, ಒಳಗೆ ಹೋದಂತೆ ತೆಳು. ಒಂದು ಗೂಡು ಮುಗಿದಾಗ ಅಥವಾ ಎಳೆ ಕಡಿದಾಗ ತಕ್ಷಣ ಇನ್ನೊಂದು ಗೂಡಿನ ಎಳೆಯನ್ನು ಸೇರಿಸದಿದ್ದರೆ ನೂಲು ಸಣ್ಣದಾಗುತ್ತದೆ. ಹೆಚ್ಚು ಸೇರಿಸಿದರೆ ದಪ್ಪವಾಗುತ್ತದೆ. ಏರುಪೇರಾದ ನೂಲು ಮಗ್ಗದಲ್ಲಿ ತುಂಡಾಗುತ್ತದೆ, ಬೆಲೆಯೂ ಬೀಳುತ್ತದೆ. ಚರಕದ ಮುಂದೆ ಕುಳಿತವರು ಆವಿಯ ನಡುವೆ ಕಣ್ಣಿಗೆ ಕಂಡೂ ಕಾಣದ ಈ ಎಳೆಗಳ ಲೆಕ್ಕವನ್ನು ಕ್ಷಣಕ್ಷಣಕ್ಕೂ ಇಡಬೇಕು. ಬೇಯುವ ನೀರಿನಲ್ಲಿ ಕೈಯಾಡಿಸಿ ಬೆರಳ ಚರ್ಮ ಹುಣ್ಣಾಗುವುದು ಈ ಕೆಲಸದ ಇನ್ನೊಂದು ಮುಖ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ಇವರ ಪಾಲಿಗೆ ಅರ್ಧ ಮಾತ್ರ ನಿಜ. ಕೈ ಬೆಂದರೂ ಮೊಸರು ಸಿಗುತ್ತದೆಂಬ ಖಾತರಿಯಿರಲಿಲ್ಲ.

ಎಳೆ ಯಾವಾಗ ಕಡಿಯಿತು ಎಂದು ತಿಳಿಯುವುದು ಹೇಗೆ, ತಿಳಿದ ಮೇಲೆ ಏನು ಮಾಡಬೇಕು? ಆಧುನಿಕ ಯಂತ್ರೀಕರಣದ ಒಂದು ದೊಡ್ಡ ಭಾಗ ಹುಟ್ಟಿದ್ದು ಈ ಸಣ್ಣ ಪ್ರಶ್ನೆಯಿಂದಲೇ.

ತಾನಾಗಿ ನಿಂತ ಮಗ್ಗ

ಟೊಯೊಟಾ ಎಂದೊಡನೆ ನೆನಪಾಗುವುದು ಕಾರು. ಆದರೆ ಆ ಸಂಸ್ಥೆಯ ಮೂಲಪುರುಷ ಸಕಿಚಿ ಟೊಯೊಡಾ ಕಾರು ಮಾಡಿದವನಲ್ಲ, ಮಗ್ಗ ಮಾಡಿದವನು. 1867ರಲ್ಲಿ ಜಪಾನಿನ ಹಳ್ಳಿಯೊಂದರಲ್ಲಿ ಬಡಗಿಯ ಮಗನಾಗಿ ಹುಟ್ಟಿದ ಆತ, ತಾಯಿ ಮಗ್ಗದ ಮುಂದೆ ಪಡುತ್ತಿದ್ದ ಪಾಡನ್ನು ಕಂಡು ಅದನ್ನು ಸುಲಭಗೊಳಿಸಲು ಹೊರಟನೆಂದು ಹೇಳುತ್ತಾರೆ. 1891ರಲ್ಲಿ ಮರದ ಕೈಮಗ್ಗವೊಂದಕ್ಕೆ ಪೇಟೆಂಟ್ ಪಡೆದ. 1896ರಲ್ಲಿ ಶಕ್ತಿಯಿಂದ ನಡೆಯುವ ಮಗ್ಗವನ್ನು ರೂಪಿಸಿದ. ಅದರಲ್ಲಿ ಒಂದು ವಿಶೇಷವಿತ್ತು: ಹೊಕ್ಕಿನ ನೂಲು ಕಡಿದರೆ ಮಗ್ಗ ತಾನಾಗಿ ನಿಲ್ಲುತ್ತಿತ್ತು.

ಕೇಳಲು ಇದು ಸಣ್ಣ ಸಂಗತಿ. ಆದರೆ ಅಲ್ಲಿಯವರೆಗೆ ನೂಲು ಕಡಿದರೂ ಮಗ್ಗ ಓಡುತ್ತಲೇ ಇರುತ್ತಿತ್ತು, ಬಟ್ಟೆ ಕೆಡುತ್ತಿತ್ತು. ಅದನ್ನು ತಪ್ಪಿಸಲು ಮಗ್ಗವನ್ನು ಕಾಯುತ್ತ ಒಬ್ಬರು ನಿಂತಿರಬೇಕಾಗಿತ್ತು. ಯಂತ್ರವೇ ತನ್ನ ತಪ್ಪನ್ನು ಗುರುತಿಸಿ ನಿಂತರೆ ಕಾಯುವವರು ಬೇಕಿಲ್ಲ. ಒಬ್ಬರೇ ಹಲವು ಮಗ್ಗಗಳನ್ನು ನೋಡಿಕೊಳ್ಳಬಹುದು. 1924ರಲ್ಲಿ ಸಿದ್ಧವಾದ ಆತನ ಪೂರ್ಣ ಸ್ವಯಂಚಾಲಿತ ಮಗ್ಗವನ್ನು ಒಬ್ಬ ಕೆಲಸಗಾರ ಮೂವತ್ತಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ನಿಭಾಯಿಸಬಹುದಾಗಿತ್ತು. 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿ ಇದರ ಹಕ್ಕಿಗಾಗಿ ಒಂದು ಲಕ್ಷ ಪೌಂಡ್ ಕೊಡಲು ಒಪ್ಪಿತು. ಜವಳಿ ಯಂತ್ರಗಳ ತವರಾದ ಇಂಗ್ಲೆಂಡೇ ಏಷ್ಯದ ಮಗ್ಗಕ್ಕೆ ಕೈಯೊಡ್ಡಿದ ಅಪರೂಪದ ಪ್ರಸಂಗವಿದು. ಸಕಿಚಿಯ ಮಗ ಕಿಇಚಿರೊ ಅದೇ ಮಗ್ಗದ ಸಂಸ್ಥೆಯೊಳಗೆ ಕಾರಿನ ಪ್ರಯೋಗಕ್ಕೆ ಇಳಿದ. 1937ರಲ್ಲಿ ಟೊಯೊಟಾ ಮೋಟಾರ್ ಕಂಪನಿ ಹುಟ್ಟಿತು.

ಮಗ್ಗದ ತತ್ವ ಕಾರಿಗೂ ಬಂತು. ಅದನ್ನು ಜಪಾನೀಯರು ‘ಜಿದೋಕಾ’ ಎನ್ನುತ್ತಾರೆ. ಆ ಭಾಷೆಯಲ್ಲಿ ಸ್ವಯಂಚಾಲನೆಗೆ ಬಳಸುವ ಪದವೂ ಇದೇ ಉಚ್ಚಾರದ್ದು. ಆದರೆ ಟೊಯೊಟಾದವರು ಬರೆಯುವಾಗ ‘ಚಲನೆ’ ಎಂಬ ಅಕ್ಷರಕ್ಕೆ ‘ಮನುಷ್ಯ’ ಎಂಬ ಸಣ್ಣ ಚಿಹ್ನೆಯೊಂದನ್ನು ಸೇರಿಸುತ್ತಾರೆ. ಆಗ ಅದರ ಅರ್ಥ ‘ದುಡಿಮೆ’ ಎಂದಾಗುತ್ತದೆ. ಮನುಷ್ಯನ ವಿವೇಕ ಬೆರೆತ ಯಂತ್ರ ಎಂಬುದು ಅವರ ಆಶಯ. ಕಾರಿನ ಜೋಡಣೆ ಸಾಲಿನಲ್ಲಿ ದೋಷ ಕಂಡ ಯಾವ ಕೆಲಸಗಾರನಾದರೂ ಹಗ್ಗ ಎಳೆಯಬಹುದು ಅಥವಾ ಗುಂಡಿ ಒತ್ತಬಹುದು. ‘ಅಂದೋನ್’ ಎಂಬ ದೀಪ ಹೊತ್ತಿಕೊಳ್ಳುತ್ತದೆ. ಕೂಡಲೇ ಪರಿಹಾರ ಸಿಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಎಳೆ ಕಡಿದ ಮಗ್ಗ ನಿಂತ ಹಾಗೆ.

ರಟ್ಟಿನ ತೂತುಗಳು

ಮಗ್ಗದ ಇನ್ನೊಂದು ಕವಲು ಕಂಪ್ಯೂಟರಿನತ್ತ ಚಾಚಿಕೊಂಡಿದೆ. ಫ್ರಾನ್ಸಿನ ಲಿಯಾನ್ ನಗರ ಯುರೋಪಿನ ರೇಷ್ಮೆ ನೇಯ್ಗೆಯ ರಾಜಧಾನಿ. ಅಲ್ಲಿ ಹೂಬಳ್ಳಿಯ ಚಿತ್ತಾರವಿರುವ ರೇಷ್ಮೆ ನೇಯಲು ನೇಕಾರನ ಜೊತೆಗೆ ಇನ್ನೊಬ್ಬ ಬೇಕಿದ್ದ. ಯಾವ ಹಾಸಿನ ಎಳೆ ಯಾವಾಗ ಮೇಲೇಳಬೇಕು ಎಂಬುದನ್ನು ನೆನಪಿಟ್ಟು ದಾರಗಳನ್ನು ಎಳೆಯುವುದು ಅವನ ಕೆಲಸ. ಬಹುತೇಕ ಇದಕ್ಕೆ ಮಕ್ಕಳನ್ನೇ ಹಚ್ಚುತ್ತಿದ್ದರು. 1804ರಲ್ಲಿ ಜೋಸೆಫ್ ಮರೀ ಜಕಾರ್ಡ್ ಎಂಬಾತ, ತನಗಿಂತ ಹಿಂದಿನವರ ಪ್ರಯತ್ನಗಳನ್ನು ಒಟ್ಟುಗೂಡಿಸಿ ಈ ಕೆಲಸವನ್ನು ಯಂತ್ರಕ್ಕೆ ವಹಿಸಿದ. ಚಿತ್ತಾರದ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಹಲಗೆ. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಿದ್ದಲ್ಲಿ ಇಲ್ಲ. ಹಲಗೆಗಳ ಮಾಲೆ ಬದಲಿಸಿದರೆ ಅದೇ ಮಗ್ಗ ಬೇರೆ ಚಿತ್ತಾರ ನೇಯುತ್ತದೆ. ನಮ್ಮಲ್ಲಿಯೂ ರೇಷ್ಮೆ ಸೀರೆಯ ಅಂಚು, ಸೆರಗು ನೇಯುವ ಮಗ್ಗಗಳ ಮೇಲೆ ಈ ಜಕಾರ್ಡ್ ಪೆಟ್ಟಿಗೆಯನ್ನು ಕಾಣಬಹುದು.

ಯಂತ್ರ ಒಂದೇ, ಆಜ್ಞೆ ಬೇರೆ ಬೇರೆ. ಸಾಫ್ಟ್‌ವೇರ್ ಎಂಬ ಕಲ್ಪನೆಯ ತಿರುಳು ಇದು. ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ಲೆಕ್ಕ ಮಾಡುವ ಮಹಾಯಂತ್ರವೊಂದನ್ನು ಕಲ್ಪಿಸಿದಾಗ ಅದಕ್ಕೆ ಆಜ್ಞೆ ಕೊಡಲು ಆರಿಸಿಕೊಂಡದ್ದು ಜಕಾರ್ಡ್ ಹಲಗೆಗಳನ್ನೇ. ಸುಮಾರು ಇಪ್ಪತ್ತನಾಲ್ಕು ಸಾವಿರ ಹಲಗೆಗಳ ಸಹಾಯದಿಂದ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವೊಂದು ಬ್ಯಾಬೇಜನ ಬಳಿ ಇತ್ತು. ಬ್ಯಾಬೇಜನ ಯಂತ್ರ ಪೂರ್ಣವಾಗಲಿಲ್ಲ. ಆದರೆ 1890ರಲ್ಲಿ ಅಮೆರಿಕದ ಜನಗಣತಿಗೆ ಹರ್ಮನ್ ಹೊಲೆರಿತ್ ತೂತಿನ ಕಾರ್ಡುಗಳ ಎಣಿಕೆ ಯಂತ್ರ ಬಳಸಿದ. ಅವನ ಕಂಪನಿ ಇತರ ಕಂಪನಿಗಳೊಡನೆ ಕೂಡಿ ಮುಂದೆ ಐ.ಬಿ.ಎಂ. ಆಯಿತು. ಭಾರತದ ಸಂಶೋಧನಾ ಸಂಸ್ಥೆಗಳಲ್ಲಿಯೂ ಕೆಲ ದಶಕಗಳ ಹಿಂದಿನವರೆಗೆ ಕಂಪ್ಯೂಟರಿಗೆ ಆಜ್ಞೆ ಕೊಡುತ್ತಿದ್ದುದು ತೂತು ಹೊಡೆದ ಕಾರ್ಡುಗಳ ಕಟ್ಟಿನಿಂದ.

ಹೊಸ ಮಗ್ಗವನ್ನು ಲಿಯಾನಿನ ನೇಕಾರರು ಸಂತೋಷದಿಂದ ಸ್ವಾಗತಿಸಲಿಲ್ಲ. ಯಂತ್ರಗಳನ್ನು ಸುಟ್ಟ ಕಥೆಗಳಿವೆ. ಆದರೆ 1831ರಲ್ಲಿ ಅವರು ದೊಡ್ಡ ದಂಗೆ ಎದ್ದಾಗ ಮುಂದಿದ್ದ ಬೇಡಿಕೆ ಯಂತ್ರ ಬೇಡ ಎಂಬುದಲ್ಲ, ನೇಯ್ದ ಬಟ್ಟೆಗೆ ನ್ಯಾಯವಾದ ದರ ಬೇಕು ಎಂಬುದು. ಯಂತ್ರದ ಮೇಲಿನ ಸಿಟ್ಟೆಂದು ಹೊರಗಿನವರು ಬಗೆಯುವುದು ಎಷ್ಟೋ ಸಲ ಕೂಲಿಯ ಪ್ರಶ್ನೆಯಾಗಿರುತ್ತದೆ.

ಭಯ ಹೋಗಿ ಮೋಹ ಬಂತು

ಭಾರತದಲ್ಲಿ ಕಂಪ್ಯೂಟರಿನ ಬಗೆಗಿನ ಅಭಿಪ್ರಾಯ ಒಂದೇ ತಲೆಮಾರಿನಲ್ಲಿ ತಲೆಕೆಳಗಾಯಿತು. 1960ರ ದಶಕದಲ್ಲಿ ಜೀವವಿಮಾ ನಿಗಮದ ಕಲ್ಕತ್ತಾ ಕಚೇರಿಗೆ ಕಂಪ್ಯೂಟರ್ ಬಾರದಂತೆ ನೌಕರರು ಚಳವಳಿ ಮಾಡಿದ್ದರು. ಬ್ಯಾಂಕುಗಳಲ್ಲಿ ಮಿತವಾದ ಗಣಕೀಕರಣಕ್ಕೆ ನೌಕರ ಸಂಘಗಳು ಒಪ್ಪಿದ್ದು 1983ರ ಒಪ್ಪಂದದಲ್ಲಿ. ಸಿ. ರಂಗರಾಜನ್ ಸಮಿತಿಯ ವರದಿ ಬಂದದ್ದು 1984ರಲ್ಲಿ. ಒಂದು ಯಂತ್ರ ಹತ್ತು ಗುಮಾಸ್ತರ ಕೆಲಸ ಕಸಿಯುತ್ತದೆ ಎಂಬುದು ಆ ಕಾಲದ ಸಾಮಾನ್ಯ ನಂಬಿಕೆ.

ತಂತ್ರಜ್ಞಾನದ ಬಗೆಗಿನ ನಮ್ಮ ನೋಟ ಎಷ್ಟು ಸುಲಭವಾಗಿ ದಾರಿ ತಪ್ಪುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಒಂದು ಚಿತ್ರ ಸಾಕ್ಷಿ. 1981ರಲ್ಲಿ ಉಡಾವಣೆಯಾದ ‘ಆ್ಯಪಲ್’ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಇಟ್ಟಿರುವ ಛಾಯಾಚಿತ್ರ ಜಗತ್ಪ್ರಸಿದ್ಧ. ಟ್ರಕ್ಕಿಗೂ ಗತಿಯಿಲ್ಲದ ದೇಶ ಉಪಗ್ರಹ ಹಾರಿಸುತ್ತಿದೆ ಎಂದು ಅದನ್ನು ನೋಡಿ ನಕ್ಕವರುಂಟು, ಮರುಗಿದವರುಂಟು. ನಿಜವಾಗಿ ಅದು ಬಡತನದ ಚಿತ್ರವಲ್ಲ. ಉಪಗ್ರಹದ ಆ್ಯಂಟೆನಾ ಪರೀಕ್ಷೆಗೆ ಸುತ್ತಮುತ್ತ ಲೋಹವಿಲ್ಲದ ನೆಲೆ ಬೇಕಿತ್ತು. ಮರದ ಗಾಡಿ ಅದಕ್ಕೆ ತಕ್ಕ ಸಾಧನವೆಂದು ಇಸ್ರೊ ವಿಜ್ಞಾನಿಗಳು ಆರಿಸಿಕೊಂಡಿದ್ದರು.

ಕೆಯೋನಿಕ್ಸ್ ಅಧ್ಯಕ್ಷ ಆರ್.ಕೆ. ಬಾಳಿಗ ಅವರ ಕನಸಿನಂತೆ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರದ ಬಳಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. 1983ರಲ್ಲಿ ಇನ್ಫೊಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ತನ್ನ ಕೇಂದ್ರ ತೆರೆದು, ಉಪಗ್ರಹ ಸಂಪರ್ಕದ ಮೂಲಕ ಕೆಲಸವನ್ನು ಅಮೆರಿಕಕ್ಕೆ ಕಳಿಸುವ ದಾರಿ ತೋರಿಸಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಕೇಂದ್ರ ಬಂದಿತು. ಎರಡು ಸಾವಿರನೇ ಇಸವಿಯ ದಿನಾಂಕದ ತೊಡಕು ಸಾವಿರಾರು ಮಂದಿಗೆ ವಿದೇಶದ ಬಾಗಿಲು ತೆರೆಯಿತು. ಕಂಪ್ಯೂಟರ್ ಕೆಲಸ ಕಸಿಯುತ್ತದೆ ಎನ್ನುತ್ತಿದ್ದ ಮನೆಗಳೇ ಮಕ್ಕಳನ್ನು ಕಂಪ್ಯೂಟರ್ ತರಗತಿಗೆ ಸಾಲ ಮಾಡಿ ಸೇರಿಸಿದವು. ಹೆಣ್ಣು ಕೊಡುವವರು ಹಿಂದೆ ಹುಡುಗ ಎಚ್‌.ಎಂ.ಟಿ.ಯೋ, ಬಿ.ಇ.ಎಲ್ಲೋ, ಮೈಕೊವೋ ಎಂದು ಕೇಳುತ್ತಿದ್ದರು. ಆಮೇಲಿನ ಪ್ರಶ್ನೆ ಒಂದೇ: ಸಾಫ್ಟ್‌ವೇರಾ?

ಬೆಂಗಳೂರಿನ ನೆಲವೇ ಈ ಬದಲಾವಣೆಗೆ ಸಾಕ್ಷಿ ನುಡಿಯುತ್ತದೆ. 1950ರ ದಶಕದಿಂದ ಆಡುಗೋಡಿಯಲ್ಲಿದ್ದ ಮೈಕೊ, ಅಂದರೆ ಬಾಷ್, 2015ರಲ್ಲಿ ಬಿಡದಿಯಲ್ಲಿ ಹೊಸ ಕಾರ್ಖಾನೆ ತೆರೆದು ತಯಾರಿಕೆಯನ್ನು ಅತ್ತ ಸಾಗಿಸಿತು. ಆಡುಗೋಡಿಯ ಆವರಣ 2022ರಲ್ಲಿ ತಂತ್ರಜ್ಞಾನ ಕ್ಯಾಂಪಸ್ ಆಗಿ ಉದ್ಘಾಟನೆಯಾಯಿತು. ಕೈಯ ಕೆಲಸವೆಂದು ಕರೆಸಿಕೊಂಡದ್ದು ಊರ ಹೊರಗೆ ಹೋಯಿತು. ತಲೆಯ ಕೆಲಸವೆಂದು ಕರೆಸಿಕೊಂಡದ್ದು ಊರೊಳಗೆ ಉಳಿಯಿತು.

ಬಿಡದಿಯ ಸಾಲು

ಟೊಯೊಟಾ ಸಮೂಹ ಕರ್ನಾಟಕಕ್ಕೆ ಬಂದದ್ದೂ ಮೊದಲು ನೂಲಿನ ದಾರಿಯಲ್ಲೇ. 1995ರಲ್ಲಿ ಕಿರ್ಲೋಸ್ಕರ್ ಸಮೂಹದೊಡನೆ ಸೇರಿ ಜಿಗಣಿಯಲ್ಲಿ ನೂಲುವ ಯಂತ್ರಗಳನ್ನು ತಯಾರಿಸುವ ಕಂಪನಿಯನ್ನು ಅದು ಆರಂಭಿಸಿತು. ಆ ಪರಿಚಯವೇ ಬೆಳೆದು 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಯಿತು. ವಿಕ್ರಮ್ ಕಿರ್ಲೋಸ್ಕರ್ ಈ ಎರಡೂ ಉದ್ಯಮಗಳ ಕೊಂಡಿಯಾಗಿದ್ದರು. ಬಿಡದಿಯ 432 ಎಕರೆ ಆವರಣದಲ್ಲಿ 1999ರ ಡಿಸೆಂಬರಿನಲ್ಲಿ ಉತ್ಪಾದನೆ ಶುರುವಾಗಿ, 2000ದ ಜನವರಿಯಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂತು. 2005ರಲ್ಲಿ ಇನ್ನೋವಾ, 2010ರ ಕೊನೆಯಲ್ಲಿ ಎರಡನೆಯ ಘಟಕದಿಂದ ಎಟಿಯೊಸ್ ಹೊರಬಂದವು. ರಾಜ್ಯದ ಗ್ರಾಮೀಣ ಬಡ ಕುಟುಂಬಗಳ, ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗಾಗಿ 2007ರಲ್ಲಿ ಮೂರು ವರ್ಷಗಳ ವಸತಿ ತರಬೇತಿ ಸಂಸ್ಥೆಯೂ ಇಲ್ಲಿ ಆರಂಭವಾಯಿತು. ಅಲ್ಲಿ ಕಲಿಸುವುದು ಕೈಯ ಕೆಲಸವೇ. ಆದರೆ ಆ ಪಾಠದಲ್ಲಿ ಎಲೆಕ್ಟ್ರಾನಿಕ್ಸ್ ಇದೆ, ರೋಬಾಟ್ ಇದೆ, ದೋಷದ ಮೂಲ ಹುಡುಕುವ ತರ್ಕವಿದೆ.

ದೋಷ ಕಂಡರೆ ಸಾಲು ನಿಲ್ಲಿಸುವ ಅಧಿಕಾರ ಕೆಲಸಗಾರನದು ಎಂಬುದು ಟೊಯೊಟಾ ಪದ್ಧತಿಯ ಹೆಮ್ಮೆ. ಆದರೆ ಕಾರಿನಲ್ಲಿ ದೋಷ ಕಂಡಾಗ ನಿಲ್ಲಿಸುವುದು ಒಂದು, ದುಡಿಮೆಯ ವೇಗದಲ್ಲೇ ದೋಷ ಕಂಡಾಗ ನಿಲ್ಲಿಸುವುದು ಇನ್ನೊಂದು. ಬಿಡದಿಯಲ್ಲಿ ಸಾಲು ನಿಂತ ದೊಡ್ಡ ಪ್ರಸಂಗಗಳು ಮೂರು. 2006ರ ಜನವರಿಯಲ್ಲಿ ಕಾರ್ಮಿಕರ ವಜಾ ಪ್ರಶ್ನೆಯಿಂದ ಮುಷ್ಕರ, ಬೀಗಮುದ್ರೆ. 2014ರ ಮಾರ್ಚಿನಲ್ಲಿ ವೇತನ ಮಾತುಕತೆ ಮುರಿದು ಬೀಗಮುದ್ರೆ. ಅದನ್ನು ತೆರೆದಾಗ ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಲು ಕಾರ್ಮಿಕರ ನಿರಾಕರಣೆ. 2020ರ ನವೆಂಬರಿನಲ್ಲಿ ಸಂಘದ ಪದಾಧಿಕಾರಿಯೊಬ್ಬರ ಅಮಾನತಿನ ನಂತರ ಆರಂಭವಾದ ಧರಣಿ, ಮತ್ತೆ ಬೀಗಮುದ್ರೆ. ತಿಂಗಳುಗಟ್ಟಲೆ ಎಳೆದ ಆ ವಿವಾದ ತಣ್ಣಗಾದದ್ದು 2021ರಲ್ಲಿ. ಕೆಲಸದ ಒತ್ತಡ ಮಿತಿಮೀರಿದೆ ಎಂಬುದು ಕಾರ್ಮಿಕರ ದೂರು, ಅಶಿಸ್ತನ್ನು ಸಹಿಸಲಾಗದು ಎಂಬುದು ಆಡಳಿತದ ವಾದ.

ಇದು ಭಾರತದ ಕಾರ್ಮಿಕರ ಸ್ವಭಾವ ಎನ್ನುವವರು ಜಪಾನಿನ ಇತಿಹಾಸವನ್ನೂ ನೋಡಬೇಕು. 1950ರಲ್ಲಿ ಟೊಯೊಟಾ ದಿವಾಳಿಯ ಅಂಚಿಗೆ ಬಂದಾಗ ಅಲ್ಲಿಯೂ ದೀರ್ಘ ಮುಷ್ಕರ ನಡೆಯಿತು. ಸುಮಾರು ಎರಡು ಸಾವಿರ ಮಂದಿ ಕೆಲಸ ಬಿಡಬೇಕಾಯಿತು. ಹೊಣೆ ಹೊತ್ತು ಕಿಇಚಿರೊ ಟೊಯೊಡಾ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಇಂದು ಜಗತ್ತು ಹೊಗಳುವ ಪದ್ಧತಿ ಆ ಗಾಯದ ನಂತರ ಬಲಿತದ್ದು.

ಸಾಫ್ಟ್‌ವೇರಿಗೂ ಬಂದ ಫಲಕ

ಟೊಯೊಟಾದ ಎಂಜಿನಿಯರ್ ತಾಯಿಚಿ ಓನೊ, ಬೇಕಾದ ಬಿಡಿಭಾಗ ಬೇಕಾದಾಗ ಮಾತ್ರ ಬರಲೆಂದು ಚೀಟಿಗಳ ಪದ್ಧತಿಯೊಂದನ್ನು ರೂಢಿಗೆ ತಂದರು. ಇವರೂ ಮೊದಲು ಕೆಲಸಕ್ಕೆ ಸೇರಿದ್ದು ಟೊಯೊಡಾ ನೂಲಿನ ಗಿರಣಿಗೆ. ಕಾರಿನ ಕಾರ್ಖಾನೆಗೆ ಬಂದದ್ದು 1943ರಲ್ಲಿ. ಆ ಚೀಟಿಗೆ ‘ಕಾನ್‌ಬಾನ್’ ಎಂದು ಹೆಸರು. ಜಪಾನಿ ಭಾಷೆಯಲ್ಲಿ ನಾಮಫಲಕ ಎಂದು ಅರ್ಥ.

2000ದ ದಶಕದಲ್ಲಿ ಈ ಪದ ಸಾಫ್ಟ್‌ವೇರ್ ಕಚೇರಿಗಳಿಗೆ ನುಗ್ಗಿತು. ಇಂದು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗೆ ‘ಕಾನ್‌ಬಾನ್ ಬೋರ್ಡ್’ ಹೊಸದಲ್ಲ. ಮಾಡಬೇಕಾದ ಕೆಲಸ, ಮಾಡುತ್ತಿರುವ ಕೆಲಸ, ಮುಗಿದ ಕೆಲಸ ಎಂದು ಪರದೆಯ ಮೇಲೆ ಸಾಲುಗಳಿರುತ್ತವೆ. ಒಂದೊಂದು ಕೆಲಸಕ್ಕೂ ಒಂದೊಂದು ಚೀಟಿ. ಯಾರ ಚೀಟಿ ಎಷ್ಟು ದಿನದಿಂದ ಮುಂದೆ ಸರಿದಿಲ್ಲ ಎಂಬುದು ಎಲ್ಲರಿಗೂ ಕಾಣುತ್ತದೆ. ಪ್ರತಿದಿನ ಬೆಳಗ್ಗೆ ತಂಡದ ಮುಂದೆ ಲೆಕ್ಕ ಒಪ್ಪಿಸಬೇಕು. ಕುರ್ಚಿಯಲ್ಲಿ ಕುಳಿತು ಮಾಡುವ ಸುಖದ ಕೆಲಸ ಎಂದು ಊರಿನವರು ಬಗೆಯುವ ಉದ್ಯೋಗದ ಒಳಗೂ ಜೋಡಣೆ ಸಾಲು ಇದೆ. ಅದು ಕಣ್ಣಿಗೆ ಕಾಣದು, ಅಷ್ಟೇ. ಬೆನ್ನುನೋವು, ನಿದ್ದೆಗೇಡು, ಯಾವಾಗ ತೆಗೆದುಹಾಕುತ್ತಾರೋ ಎಂಬ ಅಳುಕು ಎರಡೂ ಕಡೆ ಸಮಾನ. ಸಂಬಳದಲ್ಲಿ ಮಾತ್ರ ಅಜಗಜಾಂತರ.

ಯಂತ್ರ ಒಯ್ದದ್ದು, ತಂದದ್ದು

ಮತ್ತೆ ರಾಮನಗರಕ್ಕೆ ಬರೋಣ. ಇಲ್ಲಿಯ ನೂಲು ಬಿಚ್ಚಾಣಿಕೆ ಚರಕದಿಂದ ಕಾಟೇಜ್ ಬೇಸಿನ್ನಿಗೆ, ಅದರಿಂದ ಮಲ್ಟಿ ಎಂಡ್ ಯಂತ್ರಕ್ಕೆ ಸಾಗಿ, ಈಚಿನ ವರ್ಷಗಳಲ್ಲಿ ಸ್ವಯಂಚಾಲಿತ ರೀಲಿಂಗ್ ಯಂತ್ರದವರೆಗೆ ಬಂದಿದೆ. ಈ ಯಂತ್ರದ ಹೃದಯ ಒಂದು ಪುಟ್ಟ ಗಾಜಿನ ಸಾಧನ. ನೂಲು ಎರಡು ಗಾಜಿನ ಬಿಲ್ಲೆಗಳ ನಡುವಿನ ಕಿರಿದಾದ ಸಂದಿನಲ್ಲಿ ಹಾದುಹೋಗುತ್ತದೆ. ನೂಲು ಸರಿಯಾದ ದಪ್ಪವಿದ್ದರೆ ಘರ್ಷಣೆಯಿಂದ ಬಿಲ್ಲೆ ಮೇಲೆತ್ತಿಕೊಂಡಿರುತ್ತದೆ. ಎಳೆ ಕಡಿದು ನೂಲು ತೆಳ್ಳಗಾದೊಡನೆ ಘರ್ಷಣೆ ತಗ್ಗಿ ಅದು ಕೆಳಗಿಳಿಯುತ್ತದೆ, ಯಂತ್ರ ಹೊಸ ಗೂಡೊಂದನ್ನು ತಂದು ಸೇರಿಸುತ್ತದೆ. ಚರಕದ ಮುಂದೆ ಕುಳಿತವರ ಕಣ್ಣು ಮತ್ತು ಬೆರಳು ಮಾಡುತ್ತಿದ್ದ ಲೆಕ್ಕ ಇದೇ. ಕುತೂಹಲದ ಸಂಗತಿಯೆಂದರೆ ಜಪಾನಿನಲ್ಲಿ ಇಂಥ ಯಂತ್ರಗಳನ್ನು ತಯಾರಿಸಿದವರಲ್ಲಿ ಕಾರಿನ ಕಂಪನಿ ನಿಸ್ಸಾನ್ ಕೂಡ ಒಂದು. 1987ರಲ್ಲಿ ಕೆಲಸ ನಿಲ್ಲಿಸಿ 2014ರಲ್ಲಿ ವಿಶ್ವ ಪರಂಪರೆಯ ತಾಣವಾದ ತೊಮಿಯೊಕಾ ಗಿರಣಿಯಲ್ಲಿ ಅವು ಸಾಲಾಗಿ ನಿಂತಿವೆ.

ಈ ಯಂತ್ರ ಕೆಲಸ ಕಸಿಯಿತೇ? ಹೌದು, ಕಡಿಮೆ ಜನರಿಂದ ಹೆಚ್ಚು ನೂಲು ಬರುತ್ತದೆ. ಆದರೆ ಕಸಿದ ಕೆಲಸ ಯಾವುದು ಎಂಬುದನ್ನೂ ಕೇಳಬೇಕು. ರಾಮನಗರ, ಮಾಗಡಿ ಮುಂತಾದ ಕಡೆ ನೂಲು ಬಿಚ್ಚುವ, ಹುರಿ ಮಾಡುವ ಘಟಕಗಳಲ್ಲಿ ಸಾಲದ ಮುಂಗಡಕ್ಕೆ ಸಿಕ್ಕಿ ದುಡಿಯುತ್ತಿದ್ದ ಮಕ್ಕಳ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಮಾಡಿತ್ತು. ಕೈ ಬೇಯಿಸಿಕೊಳ್ಳುವ ಕೆಲಸ ಹೋದದ್ದಕ್ಕೆ ಯಾರೂ ಅಳಬೇಕಿಲ್ಲ. ತೊಂದರೆ ಬೇರೆ ಕಡೆ ಇದೆ. ಯಂತ್ರ ದುಬಾರಿ, ಸಬ್ಸಿಡಿ ಇದ್ದರೂ ಚರಕದ ಸಣ್ಣ ರೀಲರಿನ ಕೈಗೆ ಎಟುಕದು. ಅದಕ್ಕೆ ಒಂದೇ ಸಮನಾದ ದ್ವಿತಳಿ ಗೂಡು ಬೇಕು. ಅಂಥ ಗೂಡು ಬೆಳೆಯುವ ವಿದ್ಯೆ ರೈತರಿಗೆ ತಲುಪಿದ್ದರಲ್ಲಿ ಜಪಾನಿನ ಪಾಲೂ ಇದೆ: 1991ರಿಂದ 2007ರವರೆಗೆ ಜಪಾನಿನ ಸಹಕಾರ ಸಂಸ್ಥೆ ಜೈಕಾ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯೊಡನೆ ದ್ವಿತಳಿ ಯೋಜನೆಯನ್ನು ನಡೆಸಿತು.

ಗೂಡಿನ ಮಾರುಕಟ್ಟೆಗೂ ಕಂಪ್ಯೂಟರ್ ಬಂದಿದೆ. ಹಿಂದೆ ಕೂಗಿ ನಡೆಸುತ್ತಿದ್ದ ಹರಾಜನ್ನು ಈಗ ಇ–ಹರಾಜಿನಲ್ಲಿ ನಡೆಸಲಾಗುತ್ತದೆ. ರೀಲರು ಮೊಬೈಲಿನಿಂದಲೇ ಬೆಲೆ ಕೂಗುತ್ತಾರೆ. ಬೆಂಗಳೂರಿನ ತಲೆ ಕೆಲಸ ಎನ್ನುವುದು ರಾಮನಗರದ ಗೂಡಿನ ಲಾಟಿನ ಪಕ್ಕದಲ್ಲೇ ಬಂದು ನಿಂತಿದೆ. ಅದನ್ನು ಬಳಸಲು ಪದವಿ ಬೇಕಾಗಲಿಲ್ಲ.

ಮುಂದಿನ ಊರು

2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣವಾಯಿತು. ಅದೇ ವರ್ಷ ಬಿಡದಿಯ ಬಳಿ, ಬೈರಮಂಗಲ–ಕಂಚುಗಾರನಹಳ್ಳಿ ಸುತ್ತಿನ ಹಳ್ಳಿಗಳ ಸಾವಿರಾರು ಎಕರೆಯಲ್ಲಿ ಕೃತಕ ಬುದ್ಧಿಮತ್ತೆಯ ನಗರವೊಂದನ್ನು ಕಟ್ಟುವ ಯೋಜನೆಯನ್ನು ಸರ್ಕಾರ ಮುಂದಿಟ್ಟಿತು. ಭೂಸ್ವಾಧೀನವನ್ನು ವಿರೋಧಿಸಿ ರೈತರು ಧರಣಿ ಕುಳಿತರು. ಹೈನು, ಹಿಪ್ಪುನೇರಳೆ, ತೆಂಗು ನಂಬಿದವರು ಅವರು. ವೃಷಭಾವತಿ ಹೊತ್ತು ತಂದ ಬೆಂಗಳೂರಿನ ಕೊಳಚೆಯನ್ನು ಬೈರಮಂಗಲದ ಕೆರೆಯಲ್ಲಿ ದಶಕಗಳಿಂದ ಕಂಡವರೂ ಹೌದು. ಇವರನ್ನು ತಂತ್ರಜ್ಞಾನದ ವಿರೋಧಿಗಳು ಎಂದುಬಿಡುವುದು ಸುಲಭ. ಆದರೆ ಲಿಯಾನಿನ ನೇಕಾರರು ಯಂತ್ರವನ್ನಲ್ಲ, ದರವನ್ನು ಪ್ರಶ್ನಿಸಿದ್ದರು. ಬಿಡದಿಯ ಕಾರ್ಮಿಕರು ಕಾರನ್ನಲ್ಲ, ವೇಗವನ್ನು ಪ್ರಶ್ನಿಸಿದ್ದರು. ಬೈರಮಂಗಲದವರು ಕೇಳುತ್ತಿರುವುದೂ ಆ ನಗರದಲ್ಲಿ ತಮ್ಮ ಪಾಲೇನು ಎಂಬುದನ್ನೇ.

ಕೈಯ ಕೆಲಸ, ತಲೆಯ ಕೆಲಸ ಎಂಬ ವಿಂಗಡಣೆ ಸಂಬಳದ ಚೀಟಿಯಲ್ಲಿ ಉಳಿದಿದೆಯೇ ಹೊರತು ಕೆಲಸದ ಒಳಗೆ ಉಳಿದಿಲ್ಲ. ರೀಲರಿನ ಬೆರಳಿನಲ್ಲಿ ಲೆಕ್ಕವಿತ್ತು, ಮಗ್ಗದ ಹಲಗೆಯಲ್ಲಿ ತರ್ಕವಿತ್ತು, ಕಂಪ್ಯೂಟರಿನ ಮುಂದೆ ಕುಳಿತವನ ಬೆನ್ನಿನಲ್ಲಿ ದಣಿವಿದೆ. ಯಂತ್ರ ಬೇಕೋ ಬೇಡವೋ ಎಂಬ ಚರ್ಚೆಯೂ ಇನ್ನೂರು ವರ್ಷ ಹಳೆಯದು. ಯಂತ್ರ ಪ್ರತಿ ಸಲವೂ ಬಂದೇ ಬಂದಿದೆ. ಚರ್ಚೆಯಾಗಬೇಕಾದದ್ದು ಎಳೆ ಕಡಿದಾಗ ಯಾರು ನಿಲ್ಲಿಸಬಹುದು ಎಂಬುದು. ಬಡಗಿಯ ಮಗನೊಬ್ಬ ಆ ಅಧಿಕಾರವನ್ನು ಮಗ್ಗಕ್ಕೆ ಕೊಟ್ಟ. ಅದು ಮನುಷ್ಯನಿಗೂ ಪೂರ್ತಿಯಾಗಿ ಸಿಗುವವರೆಗೆ, ಆ ಜಪಾನಿ ಅಕ್ಷರದೊಳಗೆ ಸೇರಿಸಿದ ಮನುಷ್ಯ ಕಾಗದದ ಮೇಲಷ್ಟೇ ಇರುತ್ತಾನೆ.